ಗುಳಿಗೆಯ ಹೊತ್ತು, ಒಪ್ಪತ್ತಿನ ಹೊತ್ತು

ಶ್ರಾವಣ ಹಿಡಿಯಿತೆಂದರೆ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಸೋಮವಾರ ಒಪ್ಪತ್ತು, ಹನುಮಪ್ಪನ ಒಕ್ಕಲಿಗೆ ಶನಿವಾರವೂ ಒಪ್ಪತ್ತು. ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆ ಏಕಾದಶಿಗೆ ಬೇರೆಯದೇ ತೂಕ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಹೀಗೆ ಹರಿದಾಸರು ಓಡಾಡಿದ ನೆಲವಿದು. ಹೊಳೆಯಾಚೆ ಮಂತ್ರಾಲಯ. ಹರಿದಿನದಂದು ನೀರೂ ಮುಟ್ಟದ ಹಿರಿಯರು ಇಲ್ಲಿ ಈಗಲೂ ಇದ್ದಾರೆ. ರಂಜಾನ್ ತಿಂಗಳಲ್ಲಿ ರಾಯಚೂರಿನ ತೀನ್ ಕಂದೀಲ್ ಸುತ್ತ ಸಂಜೆ ಖರ್ಜೂರ ಕೊಳ್ಳಲು ನಿಂತವರನ್ನು ನೋಡಿ, ಎಪ್ಪತ್ತು ದಾಟಿದವರೂ ರೋಜಾ ಹಿಡಿದಿರುತ್ತಾರೆ. ಹಸಿವು ತಡೆಯುವುದನ್ನು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಹೀಗಾಗಿ ಉಪವಾಸ ಮಾಡಿದರೆ ಪಾರ್ಕಿನ್ಸನ್ ವಾಸಿಯಾಗುತ್ತದೆ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದು ಇಲ್ಲಿ ಬಹಳ ಬೇಗ ಬೇರು ಬಿಡುತ್ತದೆ. ಅಜ್ಜಿ ಹೇಳಿದ್ದನ್ನೇ ಈಗ ವಿಜ್ಞಾನವೂ ಹೇಳಿತಲ್ಲ ಎಂಬ ಸಮಾಧಾನ. ಸಂದೇಶದಲ್ಲಿ ನೊಬೆಲ್ ಪ್ರಶಸ್ತಿಯ ಹೆಸರೂ ಇರುತ್ತದೆ. ಒಂದು ದಿನ, ಎರಡು ದಿನ, ಮೂರು ದಿನ ಹೊಟ್ಟೆ ಖಾಲಿ ಬಿಟ್ಟರೆ ಮಿದುಳು ತನ್ನ ಕಸವನ್ನು ತಾನೇ ತಿಂದು ಹಾಕುತ್ತದಂತೆ. ಈ ಮಾತಿನಲ್ಲಿ ನಿಜದ ಅಂಶ ಇದೆ. ಆ ಅಂಶ ಎಷ್ಟು, ಅದನ್ನು ನಂಬಿ ನಮ್ಮ ಮನೆಯ ಹಿರಿಯರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಲ್ಲಿ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಈಗಾಗಲೇ ನಡೆಯಲು ಕಷ್ಟಪಡುತ್ತಿರುವ ಜೀವಕ್ಕೆ.

ಈ ರೋಗವನ್ನು ನಮ್ಮಲ್ಲಿ ಕೈ ನಡುಗೋ ಬ್ಯಾನಿ ಎನ್ನುತ್ತಾರೆ, ಆಯುರ್ವೇದದವರು ಕಂಪವಾತ ಎನ್ನುತ್ತಾರೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರಲ್ಲಿ ಕಂಡ ಲಕ್ಷಣಗಳನ್ನು ಬರೆದಿಟ್ಟರು, ಅವರ ಹೆಸರೇ ರೋಗಕ್ಕೆ ನಿಂತಿತು. ಆದರೆ ಕಾಡುವುದು ನಡುಕವೊಂದೇ ಅಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತದೆ. ಬ್ಯಾಂಕಿನಲ್ಲಿ ಹಾಕುವ ಸಹಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಹೊಸ್ತಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಕೆಲವರಿಗೆ ನಡುಕವೇ ಇರುವುದಿಲ್ಲ, ಬರೀ ಬಿಗಿತ ಮತ್ತು ನಿಧಾನ. ಅಂಥವರಿಗೆ ಮನೆಯವರು "ವಯಸ್ಸಾತು, ಅದಕ್ಕ ಹಿಂಗ" ಎಂದು ಹೇಳಿ ಸುಮ್ಮನಾಗಿಬಿಡುತ್ತಾರೆ. ಬೇನೆ ಹೀಗೆ ಎದ್ದು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಶುರುವಾಗಿರಬಹುದು, ಒಗ್ಗರಣೆಯ ವಾಸನೆ ಮೂಗಿಗೆ ಹತ್ತದಿರಬಹುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದಿರಬಹುದು.

ನಡುಮಿದುಳಿನಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿಯ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ನಮ್ಮ ಚಲನೆಯ ಸಲೀಸು ಅದರಿಂದ. ಆ ಕೋಶಗಳಲ್ಲಿ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಗಂಟುಗಂಟಾಗಿ ಸೇರಿಕೊಳ್ಳುತ್ತದೆ, ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಲು ಶುರುವಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿರುತ್ತವೆ. ನಿಮ್ಹಾನ್ಸ್ ತಂಡವೊಂದು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಲಕ್ಷಕ್ಕೆ 33 ಜನರಲ್ಲಿ ಈ ರೋಗ ಇತ್ತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಅದೇ ಪ್ರಮಾಣ ಹಿಡಿದರೂ ನಮ್ಮ ಜಿಲ್ಲೆಯಲ್ಲಿ ಆರು ನೂರಕ್ಕೂ ಹೆಚ್ಚು ಮನೆಗಳಿಗೆ ಈ ಬರಹ ಸಂಬಂಧಿಸಿದ್ದು. ಜನರ ವಯಸ್ಸು ಏರಿದಂತೆ ಈ ಸಂಖ್ಯೆಯೂ ಏರುತ್ತದೆ.

ಇನ್ನು ಆ ನೊಬೆಲ್ ಸಂಗತಿ. ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದು ಸತ್ಯ. ಅವರು ಹಸಿವಿಗೆ ಒಡ್ಡಿದ್ದು ಯೀಸ್ಟ್ ಕೋಶಗಳನ್ನು, ಬ್ರೆಡ್ ಉಬ್ಬಿಸುವ ಆ ಸೂಕ್ಷ್ಮ ಜೀವಿಯನ್ನು. ಆಹಾರ ಸಿಗದ ಕೋಶ ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಒಡೆದು ಮರುಬಳಕೆ ಮಾಡಿಕೊಳ್ಳುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು, ಆ ಕೆಲಸ ನಡೆಸುವ ಜೀನ್‌ಗಳನ್ನು ಹುಡುಕಿದರು. ಇದಕ್ಕೆ ಆಟೋಫೇಜಿ ಎನ್ನುತ್ತಾರೆ. ಇದೇ ವ್ಯವಸ್ಥೆ ನಮ್ಮ ನರಕೋಶಗಳಲ್ಲೂ ಇದೆ, ಪಾರ್ಕಿನ್ಸನ್‌ನಲ್ಲಿ ಅದು ಹದಗೆಟ್ಟಿರುತ್ತದೆ ಎಂಬುದಕ್ಕೂ ಪುರಾವೆ ಇದೆ. ಹಾಗಾದರೆ ಹಸಿವಿನಿಂದ ಆ ಕಸ ಗುಡಿಸುವ ಕೆಲಸ ಚುರುಕಾದರೆ ರೋಗ ತಡೆಯಬಹುದೇ ಎಂದು ಸಂಶೋಧಕರು ಕೇಳಿದ್ದು ಸಹಜ. ಆದರೆ ಒಸುಮಿ ಅವರಿಗೆ ಪ್ರಶಸ್ತಿ ಬಂದದ್ದು ಕೋಶದ ಕೆಲಸವನ್ನು ಅರ್ಥಮಾಡಿಸಿದ್ದಕ್ಕೆ. ಪಾರ್ಕಿನ್ಸನ್ ರೋಗಿಗೆ ಇಷ್ಟು ಗಂಟೆ ಉಪವಾಸ ಎಂದು ಬರೆದುಕೊಟ್ಟದ್ದಕ್ಕಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆಸೆ ಹುಟ್ಟಿಸುವಂಥವು ಇವೆ. ಅಮೆರಿಕದ ಮಾರ್ಕ್ ಮ್ಯಾಟ್ಸನ್ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ಇಲಿಗಳಲ್ಲಿ, 2004ರಲ್ಲಿ ಕೋತಿಗಳಲ್ಲಿ ಮಿತಾಹಾರದ ಪರಿಣಾಮವನ್ನು ನೋಡಿದರು. ಆರು ತಿಂಗಳ ಕಾಲ ಕೋತಿಗಳ ಆಹಾರದ ಕ್ಯಾಲೊರಿಯನ್ನು ಶೇಕಡಾ 30ರಷ್ಟು ಇಳಿಸಿ, ಬಳಿಕ ಪಾರ್ಕಿನ್ಸನ್ ತರುವ ಎಂಪಿಟಿಪಿ ಎಂಬ ವಿಷ ಕೊಟ್ಟರು. ಹೊಟ್ಟೆ ತುಂಬ ತಿಂದ ಕೋತಿಗಳಿಗಿಂತ ಮಿತವಾಗಿ ತಿಂದವು ಚೆನ್ನಾಗಿ ತಡೆದುಕೊಂಡವು. ಅವುಗಳ ಮಿದುಳಿನಲ್ಲಿ ನರಕೋಶಗಳನ್ನು ಪೋಷಿಸುವ ಪ್ರೋಟೀನ್‌ಗಳು ಹೆಚ್ಚಾಗಿದ್ದವು.

ಈ ಪ್ರಯೋಗದ ಕ್ರಮವನ್ನು ಗಮನಿಸಬೇಕು. ಮೊದಲು ಮಿತಾಹಾರ, ಆಮೇಲೆ ವಿಷ. ನಮ್ಮ ಮನೆಯ ಹಿರಿಯರ ಸ್ಥಿತಿ ಅದರ ತದ್ವಿರುದ್ಧ. ಅವರಲ್ಲಿ ಕೋಶಗಳು ಆಗಲೇ ಹೋಗಿವೆ, ಈಗ ಉಪವಾಸ ಹಿಡಿಯುವ ಮಾತು. ಸುಖವಾಗಿದ್ದಾಗ ಮಿತವಾಗಿ ಉಂಡದ್ದು ಮುಂದೆ ಕಾಯಬಹುದೇನೋ ಎಂಬುದು ಒಂದು ಪ್ರಶ್ನೆ, ರೋಗ ಬಂದ ಮೇಲೆ ಹಸಿದಿದ್ದರೆ ಅದು ಹಿಂದೆ ಸರಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಭರವಸೆಯನ್ನು ತಂದು ಎರಡನೆಯದಕ್ಕೆ ಅಂಟಿಸಿದ್ದಾರೆ.

ಮೊಬೈಲಿಗೆ ಬಾರದ ಫಲಿತಾಂಶಗಳೂ ಇವೆ. 2008ರಲ್ಲಿ ಇಟಲಿಯ ಸಂಶೋಧಕರು ಬೇರೊಂದು ವಿಷ ಬಳಸಿ ಇಲಿಗಳಲ್ಲಿ ನೋಡಿದಾಗ ಆಹಾರ ಮಿತಿಯಿಂದ ಯಾವ ರಕ್ಷಣೆಯೂ ಸಿಗಲಿಲ್ಲ. 2018ರ ಇನ್ನೊಂದು ಪ್ರಯೋಗದಲ್ಲಿ ರೊಟೆನೋನ್ ಕೊಟ್ಟ ಇಲಿಗಳಿಗೆ ಬಿಟ್ಟು ಬಿಟ್ಟು ಉಪವಾಸ ಹಾಕಿದಾಗ ಡೋಪಮೈನ್ ಕೋಶಗಳ ನಾಶ ಹೆಚ್ಚೇ ಆಯಿತು. ರೊಟೆನೋನ್ ಒಂದು ಕೀಟನಾಶಕ. ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಮಾನ್ವಿ, ಹತ್ತಿ ಮತ್ತು ಮೆಣಸಿನಕಾಯಿಯ ದೇವದುರ್ಗ ಎರಡೂ ಔಷಧಿ ಹೊಡೆಯುವ ಊರುಗಳು. ಕೀಟನಾಶಕ, ಕಳೆನಾಶಕಗಳ ಒಡನಾಟಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂದು ಹೊರದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಹೊಲದಲ್ಲಿ ಬರಿಗೈ, ಬರಿಮೂಗಿನಲ್ಲಿ ಪಂಪು ಹೊತ್ತು ಹೊಡೆಯುವ ನಮ್ಮ ಹುಡುಗರ ಬಗ್ಗೆ ನನಗೆ ಉಪವಾಸಕ್ಕಿಂತ ಹೆಚ್ಚಿನ ಚಿಂತೆ ಇದೆ. ಅದನ್ನು ಬೇರೆಯಾಗಿಯೇ ಬರೆಯಬೇಕು.

ಮನುಷ್ಯರಲ್ಲಿ? ಉಪವಾಸದಿಂದ ಪಾರ್ಕಿನ್ಸನ್‌ನ ಓಟ ನಿಧಾನವಾಯಿತು ಎಂದು ದೊಡ್ಡ, ಕಟ್ಟುನಿಟ್ಟಿನ ಪ್ರಯೋಗದಲ್ಲಿ ಸಾಬೀತಾಗಿಲ್ಲ. ಹತ್ತಿರದ ಒಂದು ಅಧ್ಯಯನ 2018ರಲ್ಲಿ ನ್ಯೂಜಿಲೆಂಡ್‌ನಿಂದ ಬಂತು. 47 ರೋಗಿಗಳು ಸೇರಿದರು, 38 ಜನ ಎಂಟು ವಾರ ಮುಗಿಸಿದರು. ಒಂದು ಗುಂಪಿಗೆ ಕೊಬ್ಬು ಕಡಿಮೆ ಇರುವ ಊಟ, ಇನ್ನೊಂದಕ್ಕೆ ಅನ್ನ-ರೊಟ್ಟಿಯಂಥ ಪಿಷ್ಟ ಬಹುಪಾಲು ತೆಗೆದು ಕೊಬ್ಬು ಹೆಚ್ಚಿಸಿದ ಕೀಟೋ ಊಟ. ಉಪವಾಸದಲ್ಲಿ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸುವಂತೆ ಈ ಊಟದಲ್ಲೂ ಆಗುತ್ತದೆ. ಎರಡೂ ಗುಂಪಿನವರು ಸುಧಾರಿಸಿದರು. ಕೀಟೋ ಗುಂಪಿನಲ್ಲಿ ಚಲನೆಗೆ ಸಂಬಂಧಿಸದ ತೊಂದರೆಗಳು ಇನ್ನೂ ಹೆಚ್ಚಾಗಿ ತಗ್ಗಿದವು, ಆದರೆ ಕೆಲವರಿಗೆ ನಡುಕ, ಬಿಗಿತ ಕೆಲಕಾಲ ಜಾಸ್ತಿಯೂ ಆಯಿತು. ಎಂಟು ವಾರ, ಮೂವತ್ತೆಂಟು ಜನ. ಇದರ ಮೇಲೆ ನಿಂತು ಯಾರಿಗೂ ಭರವಸೆ ಕೊಡಲಾಗದು. ದಿನವೂ ನಡೆಯುವುದು, ವ್ಯಾಯಾಮ ಮಾಡುವುದು ಪಾರ್ಕಿನ್ಸನ್‌ಗೆ ಒಳ್ಳೆಯದು ಎಂಬುದಕ್ಕೆ ಇದಕ್ಕಿಂತ ಎಷ್ಟೋ ಗಟ್ಟಿ ಪುರಾವೆ ಇದೆ. ಅದು ಮಾತ್ರ ಯಾರ ಮೊಬೈಲಿಗೂ ಬರುವುದಿಲ್ಲ.

ಇಲ್ಲಿಗೆ ಉಪವಾಸದ ಮಾತು ಮುಗಿಯಿತು ಎಂದುಕೊಂಡರೆ ಬಹಳ ಮುಖ್ಯವಾದದ್ದನ್ನು ಬಿಟ್ಟಂತಾಗುತ್ತದೆ. ಖಾಲಿ ಹೊಟ್ಟೆಗೂ ಪಾರ್ಕಿನ್ಸನ್‌ಗೂ ನಿಜವಾದ, ಸಾಬೀತಾದ ಸಂಬಂಧವೊಂದಿದೆ. ಅದು ಗುಳಿಗೆಯ ವಿಷಯದಲ್ಲಿ.

1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಬಾಯಿಯಿಂದ ಕೊಡುವ ಲೆವೊಡೋಪಾ ಚಿಕಿತ್ಸೆಯನ್ನು ಗಟ್ಟಿಯಾಗಿ ನೆಲೆಗೊಳಿಸಿದರು. ಇವತ್ತಿಗೂ ಅದೇ ಮುಖ್ಯ ಔಷಧ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಂಡೋಪಾ ಎಂಬ ಹೆಸರಲ್ಲಿ ಸಿಗುವುದು ಲೆವೊಡೋಪಾ ಮತ್ತು ಕಾರ್ಬಿಡೋಪಾ ಕೂಡಿದ ಗುಳಿಗೆ. ಲೆವೊಡೋಪಾ ಒಂದು ಅಮೈನೋ ಆಮ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟಲು ಅದಕ್ಕೆ ಬೇಕಾದ ಬಾಗಿಲು ಒಂದೇ, ಮತ್ತು ಬೇಳೆ, ಹಾಲು, ಮೊಸರು, ಮಾಂಸ, ಶೇಂಗಾದ ಪ್ರೋಟೀನ್ ಜೀರ್ಣವಾದಾಗ ಬರುವ ಅಮೈನೋ ಆಮ್ಲಗಳೂ ಅದೇ ಬಾಗಿಲಲ್ಲಿ ನುಗ್ಗುತ್ತವೆ. ದುರಗಮ್ಮನ ಜಾತ್ರೆಗೆ ಹೊರಟವರೆಲ್ಲ ಒಂದೇ ಬಸ್ಸಿಗೆ ಮುಗಿಬಿದ್ದಾಗ ಮುಪ್ಪಿನವರು ಕೆಳಗೇ ಉಳಿಯುವಂತೆ ಗುಳಿಗೆ ಹೊರಗುಳಿಯುತ್ತದೆ. ಊಟದ ಜೊತೆ ನುಂಗಿದ ದಿನ "ಗುಳಿಗಿ ಹತ್ತಲೇ ಇಲ್ಲ" ಎಂದು ರೋಗಿಗಳು ಹೇಳುವುದು ಇದಕ್ಕೇ. 1975ರಷ್ಟು ಹಿಂದೆಯೇ ಕೋಟ್ಜಿಯಾಸ್ ಮತ್ತು ಸಹೋದ್ಯೋಗಿ ಇದನ್ನು ರೋಗಿಗಳಲ್ಲಿ ತೋರಿಸಿದ್ದರು. ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ನೀರಿನ ಜೊತೆ ನುಂಗಿ ಎಂದು ವೈದ್ಯರು ಹೇಳುವ ಮಾತಿನ ಹಿಂದೆ ಇರುವುದು ಇದು. ರೋಗ ಹಳೆಯದಾದವರಿಗೆ ಹಗಲಲ್ಲಿ ಪ್ರೋಟೀನ್ ತಗ್ಗಿಸಿ, ದಿನದ ಪಾಲನ್ನು ಬಹುತೇಕ ರಾತ್ರಿಯ ಊಟಕ್ಕೆ ಸರಿಸುವ ಪದ್ಧತಿಯೂ 1980ರ ದಶಕದಿಂದ ಇದೆ. ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಲೆ. ಬ್ಯಾಳಿ, ಮೊಸರು ರಾತ್ರಿಗೆ. ಒಟ್ಟು ಪ್ರಮಾಣ ಮಾತ್ರ ಇಳಿಯಬಾರದು, ಏಕೆಂದರೆ ಈ ರೋಗದಲ್ಲಿ ಮೈತೂಕ ತಾನಾಗಿಯೇ ಇಳಿಯುತ್ತದೆ. ರುಚಿ-ವಾಸನೆ ಸತ್ತಿರುತ್ತದೆ, ನುಂಗಲು ಕಷ್ಟ, ಅಗಿಯುವುದೇ ಆಯಾಸ.

ಉಪವಾಸದ ದಿನ ಕೆಲವರಿಗೆ ಕೈಕಾಲು ಹಗುರ ಅನಿಸುವುದುಂಟು. ಅದು ಅವರ ಭ್ರಮೆಯಲ್ಲ. ಹೊಟ್ಟೆ ಖಾಲಿ ಇದ್ದದ್ದರಿಂದ ಗುಳಿಗೆಗೆ ಬಾಗಿಲು ಸಲೀಸಾಯಿತು. ಆದರೆ ಆ ಹಗುರಕ್ಕೆ ಕಾರಣ ಗುಳಿಗೆ. ಉಪವಾಸದ್ದೇ ಗುಣ ಎಂದು ತಿಳಿದು ಗುಳಿಗೆ ಬಿಟ್ಟರೆ ಅದೇ ದಿನ ಸಂಜೆಯೊಳಗೆ ಗೊತ್ತಾಗುತ್ತದೆ. ಲೆವೊಡೋಪಾ ರಕ್ತದಲ್ಲಿ ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುವ ಔಷಧ. ಅದಕ್ಕೇ ದಿನಕ್ಕೆ ಮೂರು, ನಾಲ್ಕು, ಕೆಲವರಿಗೆ ಐದು ಸಲ ಕೊಡುತ್ತಾರೆ. ಎರಡು ಸಲ ತಪ್ಪಿದರೆ ಮೈ ಮರಗಟ್ಟುತ್ತದೆ. ದೊಡ್ಡ ಪ್ರಮಾಣ ನುಂಗುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ತೀವ್ರ ಜ್ವರ, ಮೈಬಿಗಿತ, ಪ್ರಜ್ಞೆ ಮಸುಕಾಗುವ ಸ್ಥಿತಿ ಬಂದು ಜೀವಕ್ಕೇ ಕುತ್ತಾಗಬಹುದು. ಪ್ರಕೃತಿ ಚಿಕಿತ್ಸೆಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಉಪವಾಸ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಸೇರುವ ಮುನ್ನ ಗುಳಿಗೆಯ ಪಟ್ಟಿ ಅಲ್ಲಿಯ ವೈದ್ಯರ ಕೈಗೆ ಕೊಡಬೇಕು. ಯಾರಾದರೂ ಅದನ್ನು ನಿಲ್ಲಿಸಿ ಎಂದರೆ, ಬರೆದುಕೊಟ್ಟ ನರರೋಗ ವೈದ್ಯರನ್ನು ಕೇಳದೆ ಒಪ್ಪಬಾರದು.

ನಮ್ಮ ಮನೆಗಳ ನಿಜವಾದ ಪ್ರಶ್ನೆ ಹೀಗಿರುತ್ತದೆ: "ಏಕಾದಶಿ ದಿನ ಗುಳಿಗಿ ನುಂಗಿದ್ರ ಉಪಾಸ ಮುರದಂಗಲ್ಲೇನ್ರಿ?" ವ್ರತ ಕೆಡಿಸದ ಎಂಟು ಸಂಗತಿಗಳನ್ನು ಎಣಿಸುವಾಗ ಮಹಾಭಾರತದ ಉದ್ಯೋಗಪರ್ವ ನೀರು, ಹಣ್ಣು, ಹಾಲುಗಳ ಜೊತೆಗೆ ಔಷಧವನ್ನೂ ಸೇರಿಸಿದೆ. ಇದನ್ನು ಹಿರಿಯರಿಗೆ ಹೇಳಬೇಕು, ಅವರು ಒಪ್ಪುವ ಆಚಾರ್ಯರ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ಮಗನ ಮಾತು, ಸೊಸೆಯ ಮಾತು ಈ ವಿಷಯದಲ್ಲಿ ನಡೆಯುವುದಿಲ್ಲ. ಫಲಾಹಾರಕ್ಕೆ ಒಪ್ಪಿದವರ ಮನೆಯಲ್ಲಿ ಇನ್ನೊಂದು ತೊಡಕಿದೆ. ಪ್ರೀತಿಯಿಂದ ಕೊಡುವುದೇ ಲೋಟ ತುಂಬ ಹಾಲು, ಶೇಂಗಾ ಉಂಡೆ, ಶೇಂಗಾ ಪುಡಿ ಹಾಕಿದ ಸಾಬೂದಾಣಿ. ಗುಳಿಗೆಯನ್ನು ಅದೇ ಹಾಲಿನಲ್ಲಿ ನುಂಗಿಸುತ್ತಾರೆ. ಹಾಗಾಗಿ ಉಪವಾಸವೂ ಆಗಲಿಲ್ಲ, ಗುಳಿಗೆಯೂ ಹತ್ತಲಿಲ್ಲ. ಗುಳಿಗೆಗೆ ನೀರು ಮಾತ್ರ; ಹಾಲು, ಶೇಂಗಾ ಅರ್ಧ-ಮುಕ್ಕಾಲು ಗಂಟೆ ಬಿಟ್ಟು. ರಕ್ತ ಕಡಿಮೆ ಎಂದು ಕೊಡುವ ಕಬ್ಬಿಣದ ಗುಳಿಗೆಯನ್ನೂ ಇದರ ಜೊತೆ ನುಂಗಿಸಬಾರದು, ಅದೂ ಅಡ್ಡ ಬರುತ್ತದೆ.

ರಂಜಾನ್ ಇನ್ನೂ ಕಷ್ಟದ್ದು. ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು-ಹದಿನಾಲ್ಕು ಗಂಟೆ, ನೀರೂ ಇಲ್ಲ, ಗುಳಿಗೆಯೂ ಇಲ್ಲ. ಕಾಯಿಲೆಯವರಿಗೆ ಕುರಾನ್ ಎರಡನೇ ಅಧ್ಯಾಯದಲ್ಲೇ ವಿನಾಯಿತಿ ಕೊಟ್ಟಿದೆ. ಗುಣವಾಗದ ಕಾಯಿಲೆ ಇರುವವರು ತಪ್ಪಿದ ಪ್ರತಿ ರೋಜಾಕ್ಕೆ ಒಬ್ಬ ಬಡವರಿಗೆ ಊಟ ಕೊಡುವ ಫಿದ್ಯಾ ಇದೆ. ಆದರೂ ಐವತ್ತು ವರ್ಷ ಬಿಡದೆ ರೋಜಾ ಹಿಡಿದ ಅಜ್ಜನಿಗೆ ಬಿಡು ಎನ್ನುವುದು ಸುಲಭವಲ್ಲ, ಆ ಸಂಕಟವನ್ನು ನಾವು ಹಗುರವಾಗಿ ಕಾಣಬಾರದು. ರೋಗ ಇನ್ನೂ ಮೊದಲ ಹಂತದಲ್ಲಿದ್ದು, ದಿನಕ್ಕೆ ಎರಡು ಸಲ ಗುಳಿಗೆ ಸಾಕಾಗುವವರಿಗೆ ದಿನಕ್ಕೊಮ್ಮೆ ನುಂಗುವ ನಿಧಾನಗತಿಯ ಔಷಧ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ವೈದ್ಯರು ದಾರಿ ಮಾಡಿಕೊಡಬಲ್ಲರು. ಅದಕ್ಕೆ ತಿಂಗಳು ಮೊದಲೇ ಹೋಗಿ ಕೇಳಬೇಕು, ಚಂದ್ರ ಕಂಡ ರಾತ್ರಿ ಅಲ್ಲ. ರೋಗ ಬಲಿತವರು, ಬಿದ್ದು ಪೆಟ್ಟು ಮಾಡಿಕೊಂಡವರು, ಸಕ್ಕರೆ ಕಾಯಿಲೆಯೂ ಇರುವವರು ಹಿಡಿಯಲೇಬಾರದು. ಹಿಡಿದವರಿಗೆ ಇಫ್ತಾರ್‌ನ ಪದ್ಧತಿಯೇ ಒಂದು ಅನುಕೂಲ ಮಾಡಿಕೊಟ್ಟಿದೆ. ಖರ್ಜೂರ, ನೀರು, ಅದರ ಜೊತೆ ಗುಳಿಗೆ. ಆಮೇಲೆ ಮಗ್ರಿಬ್ ನಮಾಜ್. ಹಲೀಮ್, ಮಾಂಸದೂಟ ಅದಾದ ಮೇಲೆ. ಊಟವನ್ನು ಇನ್ನೊಂದಿಷ್ಟು ತಡಮಾಡಿದರೆ ಗುಳಿಗೆಗೆ ಬೇಕಾದ ಅರ್ಧ ಗಂಟೆ ಅಲ್ಲೇ ಸಿಗುತ್ತದೆ.

ಬಿಸಿಲಿನ ಮಾತು ಹೇಳದೆ ರಾಯಚೂರಿನಲ್ಲಿ ಉಪವಾಸದ ಮಾತು ಪೂರ್ತಿಯಾಗದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಸಾಮಾನ್ಯ. ಪಾರ್ಕಿನ್ಸನ್ ಇದ್ದವರಿಗೆ ಎದ್ದು ನಿಂತಾಗ ರಕ್ತದೊತ್ತಡ ಥಟ್ಟನೆ ಇಳಿಯುವ ತೊಂದರೆ ಮೊದಲೇ ಇರುತ್ತದೆ, ಗುಳಿಗೆಯೂ ಅದನ್ನು ಸ್ವಲ್ಪ ಹೆಚ್ಚಿಸುತ್ತದೆ. ಮೈಯಲ್ಲಿ ನೀರು ಇಂಗಿದರೆ ಕಣ್ಣು ಕತ್ತಲಾಗಿ ಬೀಳುತ್ತಾರೆ. ಈ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಹಾಸಿಗೆ ಹಿಡಿದ ಹಾಗೇ. ನೀರು ಕಡಿಮೆಯಾದರೆ ಮಲಬದ್ಧತೆ ಬಿಗಿಯಾಗುತ್ತದೆ. ಹೊಟ್ಟೆ, ಕರುಳು ನಿಧಾನವಾದಷ್ಟೂ ಮರುದಿನದ ಗುಳಿಗೆ ಹೊಟ್ಟೆಯಲ್ಲೇ ಕೂತಿರುತ್ತದೆ. ಜ್ಯೇಷ್ಠದ ನಿರ್ಜಲ ಏಕಾದಶಿ ಬರುವುದು ಮುಂಗಾರಿನ ಮೊದಲ ಮಳೆ ಬಿದ್ದರೂ ಸೆಕೆ ಇಳಿಯದ ದಿನಗಳಲ್ಲಿ. ಪಾರ್ಕಿನ್ಸನ್ ಇರುವವರು ಆ ಒಂದನ್ನು ಬಿಟ್ಟುಬಿಡಲಿ ಎಂದು ಕೈಮುಗಿದು ಕೇಳುತ್ತೇನೆ.

ಇದನ್ನೆಲ್ಲ ಕೂತು ವಿವರಿಸುವ ನರರೋಗ ತಜ್ಞರು ಹತ್ತಿರದಲ್ಲಿ ಸಿಗುವುದು ನಮಗೆ ಕಷ್ಟ. ದೇವದುರ್ಗದವರು ರಾಯಚೂರಿಗೆ ಬರಬೇಕು, ಅಲ್ಲಿಂದ ಎಷ್ಟೋ ಜನ ಹೈದರಾಬಾದಿಗೆ, ಇನ್ನು ಕೆಲವರು ರಾತ್ರಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ. ಹತ್ತಿ ಬಿಡಿಸುವ ಕಾಲದಲ್ಲಿ ಜೊತೆಗೆ ಹೋಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಎಂದು 2022ರ ಮೇ ತಿಂಗಳಲ್ಲಿ ಇಲ್ಲಿ ಅನಿರ್ದಿಷ್ಟ ಧರಣಿ ಶುರುವಾದಾಗ ಕೆಲವರು ಅದನ್ನು ಬರೀ ರಾಜಕೀಯ ಎಂದರು. ಗುಳಿಗೆಯ ಪ್ರಮಾಣ ಬದಲಿಸಿಕೊಳ್ಳಲು ವರ್ಷಕ್ಕೆ ಎರಡು ಸಲ ಹೈದರಾಬಾದಿಗೆ ಹೋಗಿಬರುವ ಮನೆಗಳಿಗೆ ಅದು ರಾಜಕೀಯವಾಗಿ ಕಂಡಿಲ್ಲ. ಸದ್ಯಕ್ಕೆ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವೂ ಇದೆ. ಅದರ ಬಗ್ಗೆ ಜಿಲ್ಲಾ ಮಟ್ಟದಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಹೋಗುವಾಗ ಒಂದು ವಾರದ ಚೀಟಿ ಬರೆದುಕೊಂಡು ಹೋಗಿ. ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು, ಉಂಡದ್ದೇನು, ಕೈಕಾಲು ಸಡಿಲಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ. ಆ ವಾರದಲ್ಲಿ ಒಂದು ಉಪವಾಸದ ದಿನವೂ ಬರಲಿ, ಅದನ್ನು ವೈದ್ಯರಿಂದ ಮುಚ್ಚಿಡಬೇಡಿ, ಬೈಯುತ್ತಾರೆಂದು ಹೆದರಬೇಡಿ. ಏಕಾದಶಿ ಬಿಡದವರ ದ್ವಾದಶಿಯ ಪಾರಣೆ ಹೇಗೂ ಬೆಳಗಿನ ಜಾವಕ್ಕೆ. ಎದ್ದ ಕೂಡಲೇ ತೀರ್ಥದ ಜೊತೆಗೋ ಬರೀ ನೀರಿನ ಜೊತೆಗೋ ಗುಳಿಗೆ ನುಂಗಿಸಿ, ಸ್ನಾನ, ಪೂಜೆ ಮುಗಿಯುವಷ್ಟರಲ್ಲಿ ಅದು ಹತ್ತಿರುತ್ತದೆ. ಎಲೆಯ ಮುಂದೆ ಕೂತು ತಾವೇ ಕಲಸಿ ಉಣ್ಣುವಷ್ಟು ಕೈ ಸಡಿಲಾಗಿರುತ್ತದೆ.